ತಲಕಾಡಿನಲ್ಲಿ ಹೊಳೆಗೆ ಇಳಿಯುವ ಮುನ್ನ

ರಜೆ ಶುರುವಾಗಿದೆ. ಮೈಸೂರಿನಲ್ಲಿರುವ ನಮ್ಮಂಥವರ ಮನೆಗೆ ನೆಂಟರು ಬರುವ ಕಾಲ. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಎರಡು ದಿನಕ್ಕೆ ಮುಗಿಯುತ್ತದೆ. ಮೂರನೇ ದಿನ ಎಲ್ಲರಿಗೂ ನೆನಪಾಗುವುದು ಹೊಳೆ: ಬಲಮುರಿ, ಎಡಮುರಿ, ಶ್ರೀರಂಗಪಟ್ಟಣದ ಸಂಗಮ, ಮುತ್ತತ್ತಿ, ತಲಕಾಡು. ಹೊರಡುವ ಮುನ್ನ, ಕಳೆದ ವರ್ಷ ಮೇ ತಿಂಗಳಲ್ಲಿ ನಮಗೆ ಆದದ್ದನ್ನು ದಯವಿಟ್ಟು ಓದಿ.

ಅಕ್ಕ, ಭಾವ, ಇಬ್ಬರು ಮಕ್ಕಳು ಹುಬ್ಬಳ್ಳಿಯಿಂದ ಬಂದಿದ್ದರು. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟೆವು. ಮೊದಲು ಸೋಮನಾಥಪುರ, ಆಮೇಲೆ ತಲಕಾಡು. ದಾರಿಯಲ್ಲಿ ಮಕ್ಕಳಿಗೆ ಅಲಮೇಲಮ್ಮನ ಕಥೆ ಹೇಳಿದೆ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನ ಹೆಂಡತಿ ಆಕೆ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದದ್ದು, ಆಕೆಯ ಒಡವೆ ಕೇಳಲು ಸೈನಿಕರು ಬಂದದ್ದು, ಆಕೆ ಶಾಪ ಹಾಕಿ ಕಾವೇರಿಗೆ ಹಾರಿದ್ದು. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂದು ನನ್ನಜ್ಜಿ ಹೇಳುತ್ತಿದ್ದ ಧಾಟಿಯಲ್ಲೇ ಹೇಳಿದೆ. ಮಡು ಅಂದರೇನು ಮಾಮಾ ಎಂದು ಚಿಕ್ಕವಳು ಕೇಳಿದಳು. ಹೊಳೆಯಲ್ಲಿ ಆಳವಾಗಿ ನೀರು ನಿಂತ ಜಾಗ ಎಂದೆ. ಅಷ್ಟು ಹೇಳಿದ ನಾನೇ ಎರಡು ಗಂಟೆ ಕಳೆಯುವುದರೊಳಗೆ ಅದನ್ನು ಮರೆತಿದ್ದೆ.

ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಕೀರ್ತಿನಾರಾಯಣ ದೇವಸ್ಥಾನ ನೋಡಿ ಮುಗಿಸುವಷ್ಟರಲ್ಲಿ ಗಂಟೆ ಒಂದಾಗಿತ್ತು. ಮೇ ತಿಂಗಳ ಮರಳು ಗೊತ್ತಲ್ಲ, ಬರಿಗಾಲು ಸುಟ್ಟುಹೋಗುತ್ತದೆ. ಹಾಗಾಗಿ ಹೊಳೆ ಕಂಡದ್ದೇ ತಡ, ಮಕ್ಕಳು ಓಡಿದರು. ದಡದಲ್ಲಿ ತಿಂಡಿ ಮಾರುತ್ತಿದ್ದವರೊಬ್ಬರು “ಆಳ ಇಲ್ಲ, ಆಡ್ಲಿ ಬಿಡಿ” ಅಂದರು. ನೋಡಲು ಹಾಗೇ ಇತ್ತು. ತಿಳಿನೀರು, ತಳದ ಮರಳು ಕಾಣುತ್ತಿತ್ತು. “ಮಾಮಾ, ಇಲ್ಲಿ ಮೊಣಕಾಲ ತನಕಾನೂ ನೀರಿಲ್ಲ ನೋಡ್ರಿ” ಎಂದು ಅಕ್ಕನ ಮಗ ಕೂಗಿದ. ಅವನಿಗೆ ಹದಿನೈದು ವರ್ಷ. ಈಜುಕೊಳದಲ್ಲಿ ಎರಡು ವರ್ಷ ಈಜು ಕಲಿತವನು. ಆ ಧೈರ್ಯಕ್ಕೇ ನಾವೆಲ್ಲ ಬುತ್ತಿ ಬಿಚ್ಚಿ ಕೂತೆವು.

ಅವನು ಇನ್ನೊಂದು ಹತ್ತು ಹೆಜ್ಜೆ ಮುಂದೆ ಹೋಗಿದ್ದ. ನಾನು ತಲೆಯೆತ್ತಿ ನೋಡಿದಾಗ ತಲೆ ಮಾತ್ರ ಕಾಣುತ್ತಿತ್ತು. ಮುಖ ಆಕಾಶದ ಕಡೆಗೆ, ಬಾಯಿ ನೀರಿನ ಮಟ್ಟಕ್ಕೆ. ಕೂಗಲಿಲ್ಲ, ಕೈ ಬೀಸಲಿಲ್ಲ. ಆಡುತ್ತಿದ್ದಾನೆ ಅಂದುಕೊಂಡೆ. ದಯವಿಟ್ಟು ಇದೊಂದನ್ನು ಮನಸ್ಸಿನಲ್ಲಿಡಿ: ಮುಳುಗುತ್ತಿರುವವರು ಬಹಳ ಸಲ ಕೂಗುವುದಿಲ್ಲ. ಉಸಿರೆಳೆಯುವುದಕ್ಕೇ ಬಾಯಿ ಸಾಲದಿರುವಾಗ ಕೂಗು ಎಲ್ಲಿಂದ ಬರಬೇಕು? ತಾಯಿಗೆ ಮಾತ್ರ ತಿಳಿಯಿತು. ಅಕ್ಕ ಕೈಯಲ್ಲಿದ್ದ ತಟ್ಟೆ ಬಿಟ್ಟು ಕಿರುಚಿದಳು.

ಭಾವ ಪ್ಯಾಂಟು ಶರಟಿನಲ್ಲೇ ನುಗ್ಗಿದರು, ಹಿಂದೆಯೇ ನಾನು. ಮೊಣಕಾಲುದ್ದ ನೀರು ಇದ್ದದ್ದು ಮುಂದಿನ ಹೆಜ್ಜೆಗೆ ಎದೆಮಟ್ಟಕ್ಕೆ ಬಂತು. ಕಾಲ ಕೆಳಗಿನ ಮರಳು ಕುಸಿಯತೊಡಗಿತು. ಹಿಂದಕ್ಕೆ ಹತ್ತಲು ಹೋದಷ್ಟೂ ಒಳಕ್ಕೆ ಜಾರುತ್ತದೆ, ಕಾಲೂರಲು ಏನೂ ಸಿಗುವುದಿಲ್ಲ. ಭಾವನಿಗೆ ಈಜು ಬರುವುದಿಲ್ಲ. ಅವರ ಅಂಗಿಯ ಕಾಲರ್ ಹಿಡಿದು ಎಳೆದುಕೊಂಡು ನಾನು ಹೇಗೆ ಹಿಂದೆ ಬಂದೆನೋ ಇವತ್ತಿಗೂ ಗೊತ್ತಿಲ್ಲ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮೂವರೂ ಹೋಗುತ್ತಿದ್ದೆವು. ಒಬ್ಬರನ್ನು ಉಳಿಸಲು ಹೋಗಿ ಮನೆಯವರೆಲ್ಲ ಮುಳುಗಿದರು ಎಂದು ಪೇಪರಿನಲ್ಲಿ ಓದುತ್ತೇವಲ್ಲ, ಅದು ಹೀಗೆಯೇ ಆಗುವುದು.

ಉಳಿಸಿದ್ದು ಒಬ್ಬ ತೆಪ್ಪದವರು. ಸ್ವಲ್ಪ ದೂರದಲ್ಲಿ ಜನರನ್ನು ಇಳಿಸುತ್ತಿದ್ದವರು ಕೂಗು ಕೇಳಿ ಬಂದು ಹುಟ್ಟು ಚಾಚಿದರು. ಹುಡುಗ ಅದನ್ನು ತಬ್ಬಿಕೊಂಡ. ದಡಕ್ಕೆ ತಂದ ಮೇಲೆ ಅವರು ಬೈದದ್ದು ಅಕ್ಷರಶಃ ನೆನಪಿದೆ: “ನೀರ್ ನೋಡಿ ಇಳೀತಾರಾ ಸಾಮಿ? ಮರಳು ತಗ್ದಿರೋ ಗುಂಡಿ ಅದೆ ಅಲ್ಲಿ, ಎರಡಾಳು. ನಮ್ಮುನ್ನ ಒಂದ್ ಮಾತು ಕೇಳ್ಬಾರ್ದಾ?”

ಕೇಳಬೇಕಿತ್ತು. ಹೊಳೆಯ ತಳ ಒಂದೇ ಸಮನಾಗಿ ಇರುವುದಿಲ್ಲ. ಪ್ರತಿ ಮಳೆಗಾಲವೂ ಅದನ್ನು ಬದಲಿಸುತ್ತದೆ. ಹೋದ ವರ್ಷ ಆಡಿದ ಜಾಗ ಎಂದು ಈ ವರ್ಷ ನಂಬುವಂತಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿರುತ್ತದೆ ಎನ್ನುವುದೂ ಅರ್ಧ ಸತ್ಯ. ಕೆಆರ್‌ಎಸ್ ಮತ್ತು ಕಬಿನಿ ಎರಡರಿಂದಲೂ ಬಿಟ್ಟ ನೀರು ತಿರುಮಕೂಡಲಿನಲ್ಲಿ ಕೂಡಿ ತಲಕಾಡಿಗೆ ಬರುತ್ತದೆ. ಬೆಂಗಳೂರಿನ ನಲ್ಲಿಗೆ ಹೋಗುವ ನೀರು ಇದೇ ಹೊಳೆಯಲ್ಲಿ ಇನ್ನೂ ಕೆಳಗೆ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ ಕಡೆ, ಎತ್ತುವಂಥದ್ದು; ಅದಕ್ಕಾಗಿ ಬೇಸಿಗೆಯಲ್ಲೂ ನೀರು ಬಿಡುತ್ತಾರೆ. ಮೇಲೆ ಬಿಸಿಲು ಎಷ್ಟೇ ಇರಲಿ, ಅಣೆಕಟ್ಟೆಯಿಂದ ಬಿಟ್ಟರೆ ಇಲ್ಲಿ ನೀರು ಏರುತ್ತದೆ. ಬೆಳಿಗ್ಗೆ ನಡೆದು ಹೋದ ಬಂಡೆಗೆ ಮಧ್ಯಾಹ್ನ ವಾಪಸು ಬರಲು ದಾರಿ ಇರದೇ ಹೋಗಬಹುದು. ಬಲಮುರಿಯಲ್ಲಿ ಕಟ್ಟೆಯ ಮೇಲಿನ ಪಾಚಿ ಬೇರೆ.

ಇನ್ನೊಂದು ತಪ್ಪನ್ನೂ ಮಾಡುವವರಿದ್ದೆವು. ಹುಡುಗ ಎದ್ದು ಕೂತ, ಮಾತಾಡಿದ, ಇನ್ನೇನು ಎಂದು ಮನೆಗೆ ಹೊರಟಿದ್ದೆವು. ಕೆಮ್ಮು ನಿಲ್ಲಲಿಲ್ಲ ಎಂದು ದಾರಿಯಲ್ಲೇ ಆಸ್ಪತ್ರೆಗೆ ಹೋದೆವು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ತೊಂದರೆ ಕೆಲವು ಗಂಟೆ ಬಿಟ್ಟು ಕಾಣಿಸಿಕೊಳ್ಳಬಹುದು ಎಂದು ಹೇಳಿ ವೈದ್ಯರು ರಾತ್ರಿಯೆಲ್ಲ ಇರಿಸಿಕೊಂಡರು. ಉಸಿರು ನಿಂತಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುತ್ತಾ ಹೊತ್ತು ಕಳೆಯಬೇಡಿ, ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಾ ಎದೆ ಒತ್ತಬೇಕು, 108ಕ್ಕೆ ಕರೆ ಮಾಡಬೇಕು ಎಂದು ಅವರೇ ಹೇಳಿಕೊಟ್ಟರು.

ಯಾರಾದರೂ ಮುಳುಗುತ್ತಿದ್ದರೆ ನೀವು ಇಳಿಯಬೇಡಿ. ದಡದಲ್ಲಿ ಮಲಗಿ ಸೀರೆ, ಪಂಚೆ, ಕೋಲು, ಏನು ಸಿಕ್ಕರೂ ಚಾಚಿ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಎಸೆದರೂ ಅದನ್ನು ಅಪ್ಪಿಕೊಂಡು ತೇಲಬಹುದು. ನಮ್ಮ ಬಳಿ ಅಂಥ ಎರಡು ಕ್ಯಾನ್ ಇದ್ದವು, ಒಬ್ಬರಿಗೂ ಹೊಳೆಯಲಿಲ್ಲ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಈ ಸಲವೂ ಬರುತ್ತಾರಂತೆ. ಹುಡುಗನೇ ತಲಕಾಡಿಗೆ ಹೋಗೋಣ ಅಂದನಂತೆ, ಆ ತೆಪ್ಪದವರನ್ನು ನೋಡಬೇಕಂತೆ. ಅವತ್ತು ಎಷ್ಟು ಬೇಡಿದರೂ ಅವರು ದುಡ್ಡು ಮುಟ್ಟಿರಲಿಲ್ಲ. ಅವರಿಗೊಂದು ಪಂಚೆ, ಶಲ್ಯ ತೆಗೆದಿಟ್ಟಿದ್ದೇನೆ. ಕಾರಿನ ಡಿಕ್ಕಿಯಲ್ಲಿ ಇಪ್ಪತ್ತು ಮೀಟರ್ ನೈಲಾನ್ ಹಗ್ಗವೂ ಇದೆ.