60 ರೂಪಾಯಿ ಸೀಡಿಯೊಳಗ ಸಿಕ್ಕ ನನುತ್ ಸಾಹೇಬ್ರು

ಬೀದರ್ ಚೌಬಾರಾ ಹತ್ತಿರ ಒಂದು ರದ್ದಿ ಅಂಗಡ್ಯಾಗ ಹಳೆ ಸೀಡಿ ಗಂಟು ಬಿಚ್ಚಿ ಕೂತಿದ್ದೆ. ಒಂದರ ಕವರ್ ಮ್ಯಾಲ ಬೀಥೋವನ್ ಮಾರಿ, 'ಎರೋಯಿಕಾ' ಅಂತ ಬಂಗಾರದ ಅಕ್ಷರ. ಅಂದ್ರ ಬೀಥೋವನ್‌ನ ಮೂರನೇ ಸಿಂಫನಿ, ಆರ್ಕೆಸ್ಟ್ರಾ ಬಾರಿಸೋ ನಾಲ್ಕು ಭಾಗದ ದೊಡ್ಡ ಕೃತಿ. ಆರ್ಕೆಸ್ಟ್ರಾ ನಡೆಸಿದವರ ಹೆಸರು ಓದಾಕ ಮಾತ್ರ ಚಷ್ಮಾ ಹುಡುಕಬೇಕಾಯ್ತು: ಆಂಟನ್ ನನುತ್, ಲ್ಯುಬ್ಲಿಯಾನಾ (ಯುರೋಪಿನ ಸ್ಲೊವೇನಿಯಾ ದೇಶದ ರಾಜಧಾನಿ) ರೇಡಿಯೋ ಆರ್ಕೆಸ್ಟ್ರಾ. ಅಂಗಡಿಯಾಂವ 100 ಅಂದ, 60ಕ್ಕ ಕೊಟ್ಟ.

ನಾನು ಚರ್ಚ್ ಕ್ವಾಯರ್ ನಡೆಸಾಂವ. ಹನ್ನೊಂದು ಮಂದ್ಯಾಗ ನಾಲ್ಕು ಮಂದಿ ನನ್ನ ಕೈ ನೋಡಂಗೇ ಇಲ್ಲ, ಪುಸ್ತಕದಾಗ ಮಾರಿ ಹುದುಗಿಸಿಕೊಂಡು ಹಾಡ್ತಾರ. ಅದಕ್ಕ ಈ ಸೀಡಿ ಕೇಳಿ ಹೊಟ್ಟಿಕಿಚ್ಚಾಯ್ತು. ಶುರುವಿಗೇ ಎರಡು ಏಟು, ಅಷ್ಟೂ ಮಂದಿ ಕೂಡಿ. ಒಂದು ಕೂದಲೆಳಿ ಹಿಂದ ಮುಂದ ಇಲ್ಲ. ಮೂರನೇ ಭಾಗದಾಗ ಮೂರು ಹಾರ್ನ್ (ಗಾಡಿ ಹಾರ್ನ್ ಅಲ್ರಿ, ಕೊಂಬು) ಬೇಟೆಗೆ ಹೊಂಟಂಗ ಊದ್ತಾವ. ಅಲ್ಲಿ ಸಾಹೇಬ್ರು ಅವಸರ ಮಾಡಂಗಿಲ್ಲ, ಊದಾವರಿಗೆ ಉಸಿರು ತಗೋಳಾಕ ಜಾಗ ಬಿಡ್ತಾರ. ಹಾಡಿಸಿದ ಕೈ ಇದು ಅನ್ನಿಸ್ತು. ಖರೇನೂ ಹೌದು, ಸ್ಲೊವೇನಿಯನ್ ಆಕ್ಟೆಟ್ ಅನ್ನೋ ಎಂಟು ಗಂಡಸರ ಹಾಡಿನ ತಂಡಾನೂ ಇವರು ನಡೆಸ್ಯಾರ.

1932ರಾಗ ಸೋಚಾ ಹೊಳಿ ದಂಡಿ ಕನಾಲ್ ಊರಾಗ ಹುಟ್ಟಿದವರು. ಲ್ಯುಬ್ಲಿಯಾನಾ ಸಂಗೀತ ಅಕಾಡೆಮಿಯೊಳಗ ಪಾಠ ಹೇಳಿದ್ರು, 1981ರಿಂದ 1998ರ ತನಕ ಅಲ್ಲಿನ ರೇಡಿಯೋ ಆರ್ಕೆಸ್ಟ್ರಾಕ್ಕ ಮುಖ್ಯಸ್ಥರಾಗಿದ್ರು, 2017ರಾಗ ತೀರಿಕೊಂಡ್ರು. ಇದರಾಗ ಒಂದು ಮಾತೂ ಸೀಡಿ ಕಾಗದದಾಗ ಇಲ್ಲ! ಹಿಂದಿನ ಪುಟದ ತುಂಬ ಕಂಪನಿ ಬ್ಯಾರೆ ಸೀಡಿಗಳ ಯಾದಿ. ನೆಪೋಲಿಯನ್ ತಾನೇ ಚಕ್ರವರ್ತಿ ಆದ ಅಂತ ಸಿಟ್ಟಾಗಿ ಬೀಥೋವನ್ ಇದೇ ಕೃತಿ ಮ್ಯಾಲಿಂದ ಅವನ ಹೆಸರು ಕೆರೆದು ಹಾಕಿದ. ನನುತ್ ಸಾಹೇಬ್ರು ಏನು ತಪ್ಪು ಮಾಡಿದ್ರೋ. ಆ ಕಾಲದ ಅಗ್ಗದ ಸೀಡಿ ಧಂಧಾದಾಗ 'ಆಲ್ಬೆರ್ಟೊ ಲಿಜಿಯೊ' ಅಂತ ಹುಟ್ಟೇ ಇಲ್ಲದ ಮನುಷ್ಯಾನ ಹೆಸರು ಹಾಕಿ ಮಾರಿದ್ದೂ ಅದ. ಹಂಗ ನೋಡಿದ್ರ ಸಣ್ಣ ಅಕ್ಷರದಾಗ ಆದ್ರೂ ಇವರ ಹೆಸರು ಉಳದದ.

ಸೌಂಡ್ ಸ್ವಚ್ಛ ಅದ, ಪಿಟೀಲು ಮಾತ್ರ ಜೋರು ಬಂದಾಗ ಸ್ವಲ್ಪ ಚೂಪು. ಎರಡನೇ ಭಾಗ ಸಾವಿನ ಮೆರವಣಿಗಿ. ಅದರ ನಡುವ ನನ್ನ ಸೀಡಿ ಮ್ಯಾಲ ಒಂದು ಗೀರು, ತಕ್ ತಕ್ ಅಂತ ನಿಂತಬಿಡ್ತದ. ಎರಡನೇ ಸಲ ಹಚ್ಚಿದೆ, ಅದೇ ಹೊತ್ತಿಗೆ ಮಾಳಿಗಿ ಮ್ಯಾಲಿಂದ ಏರ್‌ಫೋರ್ಸ್ ವಿಮಾನ ಹಾದು ಗೀರೂ ಕೇಳಲಿಲ್ಲ, ಬೀಥೋವನ್ನೂ ಕೇಳಲಿಲ್ಲ.

ಬಾರಿಸಿದ್ದಕ್ಕ 5ಕ್ಕ 4, ಕವರಿಗೆ ಸೊನ್ನಿ. ನನುತ್ ಹೆಸರಿಂದು ಇನ್ನೊಂದು ಬಂದ್ರ ತಗದಿಡಪ್ಪಾ ಅಂತ ಅಂಗಡಿಯವಗ ನಂಬರ್ ಕೊಟ್ಟು ಬಂದೀನಿ. ಆಂವ ಚೀಟಿ ಮ್ಯಾಲ 'ಬೀಥೋವನ್' ಅಂತ ಬರಕೊಂಡ.