ಜಾರುವ ಕ್ಲಚ್ಚಿಗೆ ಚಿಕ್ಕಬಳ್ಳಾಪುರದಲ್ಲಿ ಸಿಕ್ಕ ಮದ್ದು

ಸಿಲಿಂಡರಿನ ಬೋರ್ (ಒಳವ್ಯಾಸ) ಹಿಗ್ಗಿಸಿ ದೊಡ್ಡ ಪಿಸ್ಟನ್ ಕೂರಿಸಿದ್ದ ನನ್ನ ಬುಲೆಟ್, ನಂದಿಬೆಟ್ಟದ ತಿರುವುಗಳಲ್ಲಿ ಎಂಜಿನ್ ಅರಚಿದರೂ ವೇಗ ಹಿಡಿಯದಾದಾಗ, ಅದನ್ನು ಚಿಕ್ಕಬಳ್ಳಾಪುರದ ಹಳೆಯ ಗ್ಯಾರೇಜೊಂದಕ್ಕೆ ಒಯ್ದೆ. ಮೆಕ್ಯಾನಿಕ್ ಮೊದಲು ಕ್ಲಚ್ ಕೇಬಲ್ಲಿನ ಸಡಿಲವನ್ನು ಪರೀಕ್ಷಿಸಿ, ಅದು ಸರಿಯಿದ್ದುದರಿಂದಲೇ ಕವರ್ ಬಿಚ್ಚಿದರು. ಆ ಕ್ರಮವೇ ನನಗೆ ಹಿಡಿಸಿತು. ಒಳಗೆ ಘರ್ಷಣೆಯ ಪ್ಲೇಟುಗಳು ಗಾಜಿನಂತೆ ನುಣುಪಾಗಿದ್ದವು, ಉಕ್ಕಿನ ಪ್ಲೇಟುಗಳ ಮೇಲೆ ಕಾವಿನಿಂದ ನೀಲಿ ಕಲೆಗಳೆದ್ದಿದ್ದವು. ಹೆಚ್ಚಿದ ಟಾರ್ಕನ್ನು (ತಿರುಗಿಸುವ ಬಲವನ್ನು) ಹಳೆಯ ಸ್ಪ್ರಿಂಗುಗಳು ತಡೆಯಲಾರದೆ ಹೋದದ್ದು ಒಂದು ಕಾರಣವಾದರೆ, ಅಗ್ಗವೆಂದು ನಾನೇ ಸುರಿದಿದ್ದ, ಘರ್ಷಣೆ ತಗ್ಗಿಸುವ ಅಂಶವಿರುವ ಕಾರಿನ ಎಣ್ಣೆ ಇನ್ನೊಂದು (ತಪ್ಪು ಪೂರ್ತಿ ನನ್ನದೇ). ಹೊಸ ಪ್ಲೇಟುಗಳನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿ, ಬಿಗಿಯಾದ ಸ್ಪ್ರಿಂಗುಗಳೊಂದಿಗೆ ಜೋಡಿಸಿ, ಎಣ್ಣೆಯಲ್ಲೇ ಮುಳುಗಿರುವ ಬೈಕಿನ ಕ್ಲಚ್ಚಿಗೆ ಹೊಂದುವ ಜಾಸೋ ಎಂಎ2 ದರ್ಜೆಯ ಎಣ್ಣೆ ತುಂಬಿದರು. ಒಂದು ದಿನವೆಂದವರು ಮೂರು ದಿನ ತೆಗೆದುಕೊಂಡರು, ಫೋನನ್ನಂತೂ ಎತ್ತಲಿಲ್ಲ. ಲಿವರ್ ಈಗ ಕೈಗೆ ತುಸು ಗಟ್ಟಿ, ಆದರೆ ಬೆಟ್ಟದಲ್ಲಿ ಕ್ಲಚ್ ಮತ್ತೆ ಜಾರಿಲ್ಲ.