ಕುಸ್ಕೋನಾ, ಅರೆಕಿಪಾನಾ? ಒಂದಿಡೀ ದಿನ ಸುಮ್ನೆ ಸುತ್ತೋಕೆ ಯಾವುದು?

ಪೆರುವಿಗೆ ಹೋದವರು ಯಾರೂ ಕುಸ್ಕೋ ಬಿಟ್ಟು ಬರುವುದಿಲ್ಲ. ಮಾಚು ಪಿಚುಗೆ ಹೋಗೋದೇ ಅಲ್ಲಿಂದ. ಆದರೆ ಸ್ಪೇನಿನವರು ಕಟ್ಟಿದ ಹಳೇ ಊರೊಂದನ್ನು ಗೈಡ್ ಹಿಂದೆ ಓಡದೆ, ಬೆಳಗ್ಗೆಯಿಂದ ಸಂಜೆವರೆಗೆ ಆರಾಮಾಗಿ ಸುತ್ತಬೇಕು ಅಂದರೆ ನನ್ನ ಓಟು ಅರೆಕಿಪಾಗೆ. ಎರಡೂ ಯುನೆಸ್ಕೋ ಪಟ್ಟಿಯಲ್ಲಿವೆ. ಎರಡೂ ಕಡೆ ನಡುಮಧ್ಯೆ ಪ್ಲಾಸಾ ದೆ ಅರ್ಮಾಸ್ ಅನ್ನೋ ಚೌಕ, ಅದರ ಪಕ್ಕದಲ್ಲೇ ಕೆಥೆಡ್ರಲ್. ಫೋಟೋ ನೋಡಿದರೆ ಅಂಥ ವ್ಯತ್ಯಾಸ ಕಾಣಲ್ಲ. ನಡೆಯೋಕೆ ಶುರು ಮಾಡಿದಾಗ ಗೊತ್ತಾಗುತ್ತೆ.

ಕುಸ್ಕೋ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ, ಅರೆಕಿಪಾ 2,300ರ ಆಸುಪಾಸಿನಲ್ಲಿ. ಕುಸ್ಕೋದ ಸಾನ್ ಬ್ಲಾಸ್ ಬೀದಿ ಹತ್ತುವಾಗ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಓಡಿಕೊಂಡು ಹತ್ತಿದ ಹಾಗಾಯಿತು. ಎತ್ತರಕ್ಕೆ ಬರುವ ತಲೆನೋವಿಗೆ ಅಂತ ಹೋಟೆಲಿನವರು ಕೋಕಾ ಎಲೆಯ ಚಹಾ ಕೊಟ್ಟರು, ಕುಡಿದೆ. ತಲೆನೋವು ಮಾತ್ರ ಜಗ್ಗಲಿಲ್ಲ.

ಅದನ್ನಾದರೂ ತಡೆದುಕೊಳ್ಳಬಹುದು. ತಲೆ ಕೆಡಿಸಿದ್ದು ಟಿಕೆಟ್. ಕುಸ್ಕೋದಲ್ಲಿ ‘ಬೊಲೇತೋ ತುರಿಸ್ತಿಕೋ’ ಅಂತ ಒಂದು ಒಟ್ಟು ಟಿಕೆಟ್ ಇದೆ. ವಿದೇಶಿಯರಿಗೆ 130 ಸೋಲ್, ಅಂದರೆ ಮೂರು ಸಾವಿರ ರೂಪಾಯಿ ಹತ್ತಿರ. 10 ದಿನ ನಡೆಯುತ್ತೆ, 16 ಜಾಗ ನೋಡಬಹುದು. ಹದಿನಾರು ಅಂದಮೇಲೆ ಊರಿನ ಮುಖ್ಯ ಜಾಗಗಳೆಲ್ಲ ಬಂದಿರಬೇಕು, ಅಲ್ವಾ? ಇಲ್ಲ. ಕೆಥೆಡ್ರಲ್‌ಗೆ ಬೇರೆ ಟಿಕೆಟ್. ಸ್ಪೇನಿನವರಿಗಿಂತ ಮೊದಲು ಇಲ್ಲಿ ಆಳಿದ ಇಂಕಾಗಳ ಸೂರ್ಯ ದೇವಾಲಯ ಕೊರಿಕಾಂಚಾಗೆ ಇನ್ನೊಂದು. ತಮಾಷೆ ಏನಂದರೆ, ಒಟ್ಟು ಟಿಕೆಟ್ಟಿನ ಪಟ್ಟಿಯಲ್ಲಿ ಕೊರಿಕಾಂಚಾ ಹೆಸರಿದೆ! ಅದು ದೇವಾಲಯ ಅಲ್ಲ, ಅದರ ಮುಂದಿನ ತೋಟದ ಅಡಿಯಲ್ಲಿರುವ ಪುಟ್ಟ ಮ್ಯೂಸಿಯಂ. ದೇವಾಲಯದ ಬಾಗಿಲಲ್ಲಿ ಆ ಟಿಕೆಟ್ ತೋರಿಸಿದರೆ ಕೆಳಗಿನ ರಸ್ತೆ ಕಡೆ ಕೈ ತೋರಿಸುತ್ತಾರೆ.

ಇನ್ನು ಪಟ್ಟಿಯಲ್ಲಿರುವ ಪಿಸಾಕ್, ಒಯಾಂತಾಯ್‌ತಾಂಬೋ, ಮೊರಾಯ್ ಎಲ್ಲ ಊರಾಚೆ. ಪ್ರತಿಯೊಂದಕ್ಕೂ ವ್ಯಾನ್ ಹತ್ತಬೇಕು. 70 ಸೋಲ್‌ನ ಅರ್ಧ ಟಿಕೆಟ್ಟೂ ಸಿಗುತ್ತೆ, ಆದರೆ ಅದು ಒಂದು ಗುಂಪಿನ ಜಾಗಗಳಿಗೆ ಮಾತ್ರ. ಒಂದು ದಿನ ನಿಧಾನವಾಗಿ ನೋಡೋಣ ಅಂತ ಬಂದವನ ಜೇಬಿನಲ್ಲಿ ಹತ್ತು ದಿನದ ಚೀಟಿ. ದುಡ್ಡು ಕೊಟ್ಟಾಗಿದೆಯಲ್ಲ ಅಂತ ಮನಸ್ಸು ಲೆಕ್ಕ ಹಾಕುತ್ತಲೇ ಇರುತ್ತೆ. ಒಂದು ಕಾಫಿಗೆ ಕೂತರೂ ಸಮಾಧಾನ ಇಲ್ಲ.

ಅರೆಕಿಪಾದಲ್ಲಿ ನಾನು ತೆಗೆದುಕೊಂಡ ಟಿಕೆಟ್ ಒಂದೇ, ಸಾಂತಾ ಕತಲೀನಾ ಸನ್ಯಾಸಿನಿಯರ ಮಠದ್ದು. ಅಗ್ಗ ಅಲ್ಲ, ಆದರೆ ಅರ್ಧ ದಿನ ಅಲ್ಲೇ ಕಳೆಯಬಹುದು. 1579ರಲ್ಲಿ ಶುರುವಾದ ಮಠ. 1970ರವರೆಗೆ ಹೊರಗಿನವರಿಗೆ ಪ್ರವೇಶವೇ ಇರಲಿಲ್ಲ. ಒಳಗೆ ಸೆವಿಯಾ, ತೊಲೇದೋ ಅಂತ ಸ್ಪೇನಿನ ಊರುಗಳ ಹೆಸರಿಟ್ಟ ಓಣಿಗಳು, ಗಾಢ ನೀಲಿ ಮತ್ತು ಕಾವಿ ಬಣ್ಣದ ಗೋಡೆಗಳು. ನನಗೆ ತುಂಬಾ ಹಿಡಿಸಿದ್ದು ಬಟ್ಟೆ ಒಗೆಯುವ ಜಾಗ. ದೊಡ್ಡ ಮಣ್ಣಿನ ಗುಡಾಣಗಳನ್ನು ಉದ್ದಕ್ಕೆ ಸೀಳಿ, ಇಳಿಜಾರಿನಲ್ಲಿ ಎರಡು ಸಾಲಾಗಿ ಮಲಗಿಸಿದ್ದಾರೆ. ನಡುವೆ ನೀರಿನ ಕಾಲುವೆ. ಕಾಲುವೆಗೆ ಕೈ ಅಡ್ಡ ಹಿಡಿದರೆ ನೀರು ಪಕ್ಕದ ಗುಡಾಣಕ್ಕೆ ತಿರುಗುತ್ತೆ. ಇಲ್ಲಿ ಬಂದು ಸೇರುತ್ತಿದ್ದವರಲ್ಲಿ ಬಹಳಷ್ಟು ಮಂದಿ ಶ್ರೀಮಂತರ ಮನೆ ಹೆಣ್ಣುಮಕ್ಕಳು, ಜೊತೆಗೆ ಕೆಲಸದವರನ್ನೂ ಕರೆತರುತ್ತಿದ್ದರು. ಹಾಗಾಗಿ ಇಲ್ಲಿ ಬಟ್ಟೆ ಒಗೆದ ಕೈಗಳು ಯಾರವು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಾನು ನೋಡಿದ ಉಳಿದದ್ದೆಲ್ಲ ಬಿಟ್ಟಿ. ಜ್ವಾಲಾಮುಖಿಯ ಬಿಳಿ ಕಲ್ಲಿನ ಕಮಾನುಗಳ ಕೆಳಗೆ ಎಷ್ಟು ಹೊತ್ತು ಕೂತರೂ ಕೇಳುವವರಿಲ್ಲ. ಅದೇ ಕಲ್ಲಿನಲ್ಲಿ 1698ರಲ್ಲಿ ಕೆತ್ತಿದ ಲಾ ಕೊಂಪಾನ್ಯಿಯಾ ಚರ್ಚಿನ ಮುಂಭಾಗದಲ್ಲಿ ಬಳ್ಳಿ, ಹೂವು, ಮುಖಗಳ ನಡುವೆ ಬೆರಳಿಡಲು ಜಾಗವಿಲ್ಲ. ಸಂಜೆಗೆ ಯಾನವಾರಾ ಬಡಾವಣೆ ಕಡೆ ನಡೆದರೆ ಎದುರಿಗೇ 5,822 ಮೀಟರಿನ ಮಿಸ್ತಿ ಪರ್ವತ.

ಊಟ: ಸಸ್ಯಾಹಾರಿಗೆ ಎರಡೂ ಊರಲ್ಲಿ ಆಲೂಗಡ್ಡೆಯೇ ಗತಿ. ಅರೆಕಿಪಾದಲ್ಲಿ ಕಾಳು, ಜೋಳ, ಚೀಸ್ ಹಾಕಿದ ಸೊಲ್ತೇರೋ ಸಲಾಡ್ ಇದೆ. ಹಾಲು-ತೆಂಗಿನಕಾಯಿಯ ಐಸ್‌ಕ್ರೀಂ ಮೇಲೆ ದಾಲ್ಚಿನ್ನಿ ಉದುರಿಸಿ ಕೊಡುತ್ತಾರೆ, ಬಿಡಬೇಡಿ.

ಬಿಸಿಲು: ಅರೆಕಿಪಾದಲ್ಲಿ ಉರಿ. ಟೋಪಿ ಬೇಕೇ ಬೇಕು.

ಕಲ್ಲಿನ ಕೆಲಸದಲ್ಲಿ ಮಾತ್ರ ಕುಸ್ಕೋಗೆ ಸಾಟಿ ಇಲ್ಲ. ಹಾತುನ್ ರುಮಿಯೋಕ್ ಬೀದಿಯ ಹನ್ನೆರಡು ಮೂಲೆಯ ಕಲ್ಲು ಗಾರೆಯಿಲ್ಲದೆ ಕೂತಿದೆ. 1950ರ ಭೂಕಂಪದಲ್ಲಿ ಸ್ಪೇನಿನವರ ಗೋಡೆ ಕುಸಿದಾಗ ಅಡಿಯಲ್ಲಿದ್ದ ಇಂಕಾ ಗೋಡೆ ಗಟ್ಟಿಯಾಗಿ ನಿಂತಿತ್ತು. ಕೆಥೆಡ್ರಲ್‌ನಲ್ಲಿ ಏಸುವಿನ ಕೊನೆಯ ಊಟದ ಚಿತ್ರವಿದೆ, ತಟ್ಟೆಯಲ್ಲಿ ಗಿನಿಪಿಗ್! ಇತಿಹಾಸದ ಹುಚ್ಚಿದ್ದು, ಮೂರ್ನಾಲ್ಕು ದಿನ ಕೈಯಲ್ಲಿದ್ದರೆ ಕುಸ್ಕೋನೇ ಸರಿ, ಆಗ ಆ ದೊಡ್ಡ ಟಿಕೆಟ್ಟೂ ದುಬಾರಿ ಅನ್ನಿಸಲ್ಲ.

ನಾನು ಹತ್ತು ಗಂಟೆಗೆ ತಿಂಡಿ ಮುಗಿಸಿ ಹೊರಡುವ ಪೈಕಿ, ಖರ್ಚಿನಲ್ಲೂ ಬಿಗಿ. ನನ್ನಂಥವರು ಮೊದಲು ಅರೆಕಿಪಾಗೆ ಹೋಗಿ. ದೇಹಕ್ಕೂ ಎತ್ತರ ಸ್ವಲ್ಪ ಒಗ್ಗುತ್ತೆ. ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಕುಸ್ಕೋ ಸುಮಾರು ಹತ್ತು ಗಂಟೆ ದಾರಿ. ಕೆಳಗಿನ ಡೆಕ್‌ನಲ್ಲಿ ಸೀಟು ಸಿಕ್ಕರೆ ತಗೊಳ್ಳಿ, ತಿರುವುಗಳಲ್ಲಿ ಮೇಲೆ ತೂಗಾಟ ಜಾಸ್ತಿ.